ವೈರಸ್ ಜ್ವರ ಬಂದು ಹೋದ ಮೇಲೆ ಫಿಟ್ಸ್ ಬರುತ್ತದಾ? ನರರೋಗ ತಜ್ಞರನ್ನು ಕೇಳಿ

ಎರಡು ಮಕ್ಕಳ ಅಮ್ಮ: ಡಾಕ್ಟ್ರೇ, ಒಂದೂವರೆ ವರ್ಷದ ಮಗನಿಗೆ ಮೊನ್ನೆ ವೈರಲ್ ಜ್ವರದಲ್ಲಿ ಎರಡು ನಿಮಿಷ ಫಿಟ್ಸ್ ಬಂತು. ಮುಂದೆ ಮೂರ್ಛೆರೋಗ ಆಗುತ್ತದಾ?

ಡಾಕ್ಟರ್: ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಂದಿಗೆ ಹೀಗಾಗುತ್ತದೆ. ಮೈಯೆಲ್ಲ ಅದುರಿ, 15 ನಿಮಿಷದೊಳಗೆ ನಿಂತು, 24 ಗಂಟೆಯಲ್ಲಿ ಮತ್ತೆ ಬರದಿದ್ದರೆ ಹೆಚ್ಚಿನ ಮಕ್ಕಳಿಗೆ ಮುಂದೆ ಏನೂ ಆಗುವುದಿಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ.

ಮಳೆಹನಿ: ತಮ್ಮನಿಗೆ 26 ವರ್ಷ. ಎರಡು ತಿಂಗಳ ಹಿಂದೆ ಹರ್ಪಿಸ್ ಮಿದುಳು ಜ್ವರ ಬಂದು, 21 ದಿನ ಅಸೈಕ್ಲೋವಿರ್ ಡ್ರಿಪ್ ಹಾಕಿದ್ದರು. ಗುಣವಾಗಿ ಬಂದ. ಈಗ ಹತ್ತು ದಿನದಿಂದ ಇದ್ದಕ್ಕಿದ್ದಂತೆ ಸುಟ್ಟ ವಾಸನೆ ಅನ್ನುತ್ತಾನೆ, ಒಂದು ನಿಮಿಷ ಎಲ್ಲೋ ನೋಡುತ್ತಾ ತುಟಿ ಚಪ್ಪರಿಸುತ್ತಾನೆ. ಆಮೇಲೆ ನೆನಪೇ ಇಲ್ಲ. ರಾತ್ರಿ ನಿದ್ದೆ ಮಾಡಲ್ಲ, ಯಾರೋ ಬೈಯುತ್ತಿದ್ದಾರೆ ಅನ್ನುತ್ತಾನೆ. ಮನಸ್ಸಿನ ತೊಂದರೆಯಾ?

ಡಾಕ್ಟರ್: ಸುಮ್ನೆ ಮನಸ್ಸಿನ ತೊಂದರೆ ಅಂತ ಬಿಡಬೇಡಿ. ಹರ್ಪಿಸ್‌ಗೆ ಮಿದುಳಿನ ಟೆಂಪೋರಲ್ ಭಾಗ ಬಲು ಇಷ್ಟ. ವಾಸನೆ, ನೆನಪು ಎಲ್ಲ ಅಲ್ಲೇ. ಅಲ್ಲಿ ಉಳಿದ ಗಾಯದಿಂದ ಫಿಟ್ಸ್ ಹೊರಟರೆ ಹೆಚ್ಚಾಗಿ ಬೀಳುವುದಿಲ್ಲ, ಮೈ ಅದುರುವುದಿಲ್ಲ. ನೀವು ಹೇಳಿದ ಹಾಗೇ ಇರುತ್ತದೆ. ಅದಕ್ಕೆ ಮಾತ್ರೆ ಇದೆ.

ನನಗೆ ಚಿಂತೆ ಹುಟ್ಟಿಸಿದ್ದು ನಿದ್ದೆಗೇಡು ಮತ್ತು ಬೈಗುಳದ ಮಾತು. ಕೆಲವರಲ್ಲಿ ಹರ್ಪಿಸ್ ಹೋದ ಕೆಲವು ವಾರಕ್ಕೆ ದೇಹವೇ ಎನ್‌ಎಂಡಿಎ ರಿಸೆಪ್ಟರ್ (ಮಿದುಳಿನ ನರಕೋಶ ಸಂದೇಶ ಹಿಡಿಯುವ ಜಾಗ) ಮೇಲೆ ಆಂಟಿಬಾಡಿ ಹೂಡುತ್ತದೆ. ನಡವಳಿಕೆ ಕೆಡುತ್ತದೆ, ಫಿಟ್ಸ್ ಬರುತ್ತದೆ. ವೈರಸ್ ವಾಪಸ್ ಬಂತಾ, ಇದಾ ಅಂತ ಬೆನ್ನಿನ ನೀರು ತೆಗೆದೇ ನೋಡಬೇಕು. ಇ.ಇ.ಜಿ. (ಮಿದುಳಿನ ವಿದ್ಯುತ್ ಅಲೆಯ ಪರೀಕ್ಷೆ), ಎಂ.ಆರ್.ಐ. ಕೂಡ ಬೇಕು. ಎರಡರ ಚಿಕಿತ್ಸೆ ಬೇರೆ ಬೇರೆ. ಇವತ್ತೇ ಹೋಗಿ. ಜ್ವರ ಇದೆಯಾ? ಬಾಯಿ, ಕೈ ತಾವಾಗೇ ಆಡುತ್ತವಾ?

ಶುಭೋದಯ ಬಳಗ: ಫಾರ್ವರ್ಡ್ ಬಂದಿದೆ. ಸೊಪ್ಪಿನ ರಸ ಮೂಗಿಗೆ ಬಿಟ್ಟರೆ ವೈರಸ್ ಸಾಯುತ್ತದಂತೆ, ಮಾತ್ರೆ ನಿಲ್ಲಿಸಬಹುದಂತೆ 🙏

ಡಾಕ್ಟರ್: ಮೂಗಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಹೋಗಬಹುದು. ಮಾತ್ರೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ನಿಲ್ಲದೇ ಹೋಗಬಹುದು, ಜೀವಕ್ಕೆ ಅಪಾಯ. ಅಳಿಸಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ. 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್.

ನೇರನುಡಿ: ಮಿದುಳು ಜ್ವರ ಬಂದ ಎಲ್ಲರಿಗೂ ಮೂರ್ಛೆರೋಗ ಗ್ಯಾರಂಟಿ ಅಲ್ವಾ?

ಡಾಕ್ಟರ್: ಅಲ್ಲ. ವೈರಸ್‌ನ ಮಿದುಳು ಜ್ವರದ ಹೊತ್ತಿಗೇ ಫಿಟ್ಸ್ ಬಂದವರಲ್ಲಿ 20 ವರ್ಷದೊಳಗೆ 100ಕ್ಕೆ ಸುಮಾರು 22, ಬರದವರಲ್ಲಿ 10.

ಶುಭೋದಯ ಬಳಗ: ಲಸಿಕೆಯಿಂದಲೇ ಬರುವುದನ್ನು ಯಾಕೆ ಹೇಳಲ್ಲ?

ನೇರನುಡಿ: ಮತ್ತೆ ಶುರು. ನಿಮಗೆ ಓದೋಕೆ ಬರಲ್ವಾ?

ಶುಭೋದಯ ಬಳಗ: ನಿಮಗಿಂತ ಜಾಸ್ತಿ ಓದಿದ್ದೇನೆ. ವಾಟ್ಸ್ಆ್ಯಪ್ ಅಲ್ಲ, ವಿಡಿಯೋ.

ಡಾಕ್ಟರ್: ದಡಾರ ಲಸಿಕೆ ಹಾಕಿ ಒಂದೆರಡು ವಾರಕ್ಕೆ ಬರುವ ಜ್ವರದಲ್ಲಿ ಅಪರೂಪಕ್ಕೆ ಫಿಟ್ಸ್ ಬರುತ್ತದೆ, ಮುಚ್ಚಿಡುವುದೇನಿಲ್ಲ. ಆದರೆ ನಿಜವಾದ ದಡಾರ ಬಂದರೆ? ವಾಸಿಯಾಗಿ 7–10 ವರ್ಷವಾದ ಮೇಲೂ ಎಸ್‌ಎಸ್‌ಪಿಇ ಅನ್ನುವ ಕಾಯಿಲೆ ಮಿದುಳನ್ನು ತಿನ್ನಬಹುದು. ನಾನು ಅಂಥ ಮಕ್ಕಳನ್ನು ನೋಡಿದ್ದೇನೆ. ವಿಡಿಯೋದಲ್ಲಿ ಅಲ್ಲ.

ತಿಳಿಯಬೇಕು: ಸರ್, ಮೂರ್ಛೆರೋಗದವರಿಗೆ ಆಪರೇಷನ್ ಮಾಡಿ ತೆಗೆದ ಮಿದುಳಿನ ತುಂಡಿನಲ್ಲಿ ಹರ್ಪಿಸ್ ಜಾತಿಯದೇ ಎಚ್‌ಎಚ್‌ವಿ-6 ವೈರಸ್ ಸಿಕ್ಕಿದೆಯಂತೆ. ಅದೇ ಕಾರಣ ಅಂತ ಆಯ್ತಲ್ಲ?

ಡಾಕ್ಟರ್: ಸಿಕ್ಕಿದ್ದು ಬೇರೆ, ಅದೇ ಮಾಡಿದ್ದು ಅನ್ನುವುದು ಬೇರೆ. ಮೂರು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ಮಕ್ಕಳ ಮೈಯಲ್ಲಿ ಆ ವೈರಸ್ ಬಂದು ಕೂತಿರುತ್ತದೆ.

ಹೊಸಬ: ಜ್ವರದಲ್ಲಿ ಮಗುವಿಗೆ ಫಿಟ್ಸ್ ಬಂದರೆ ಮೂರ್ಛೆರೋಗವಾ?

ಡಾಕ್ಟರ್: ಮೇಲೆ ಓದಿ.

ಎರಡು ಮಕ್ಕಳ ಅಮ್ಮ: ಡಾಕ್ಟ್ರೇ, ಮಗನ ತಂಗಿಗೂ ಹೀಗೇ ಬರಬಹುದಾ?

ಶುಭೋದಯ ಬಳಗ: ಪ್ರಶ್ನೆ ಕೇಳಿದರೆ ರೇಗುವ ಡಾಕ್ಟರ್ ಗುಂಪಿಗೆ ಯಾಕೆ?

ನೇರನುಡಿ: ರಸ ಬಿಡಲು ನೀವಿದ್ದೀರಲ್ಲ.

ಮಳೆಹನಿ: ಜ್ವರ ಇಲ್ಲ. ಬಾಯಿ ಆಗಾಗ ತಾನಾಗೇ ಆಡುತ್ತದೆ. ಹೊರಟಿದ್ದೇವೆ. ಕಾರು ನಾನೇ ಓಡಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ.

ಡಾಕ್ಟರ್: ಬೇಡವೇ ಬೇಡ. ಕೀ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹಳೆಯ ಡಿಸ್‌ಚಾರ್ಜ್ ಚೀಟಿ ಮರೆಯಬೇಡಿ.