ಹಳೆ ಮಿನಿಯ ಮುಂದಿನ ಸಸ್ಪೆನ್ಷನ್: ರಬ್ಬರ್ ಕೋನ್ ಹಾಕಿಸಲಾ, ಕಾಯಿಲ್ ಸ್ಪ್ರಿಂಗಾ?

ಕೇಳಿದವರು:

ನನ್ನ ಹತ್ತಿರ 1970ರ ದಶಕದ ಒಂದು ಮಿನಿ, ಅಂದರೆ ಬ್ರಿಟನ್ನಿನ ಆ ಪುಟ್ಟ ಕಾರು, ಇದೆ. 10 ಇಂಚಿನ ಚಕ್ರ, ಒಳಗೆ ಉಕ್ಕಿನ ಸ್ಪ್ರಿಂಗ್ ಬದಲು ರಬ್ಬರ್ ಕೋನ್. ಮುಂಭಾಗ ಕೂತುಬಿಟ್ಟಿದೆ, ಎಡಗಡೆ ಇನ್ನೂ ಜಾಸ್ತಿ. ಸಣ್ಣ ಗುಂಡಿ ಸಿಕ್ಕರೂ ಸ್ಟೀರಿಂಗ್‌ವರೆಗೆ ಪೆಟ್ಟು ಬರುತ್ತದೆ. ಬ್ರೇಕ್ ಹಾಕಿದರೆ ಕಟಕ್ ಅನ್ನುತ್ತದೆ. ಹೊಸ ರಬ್ಬರ್ ಕೋನ್ ಹಾಕಿಸಿ ಅಂತ ಒಬ್ಬರು, ಕಾಯಿಲ್ ಸ್ಪ್ರಿಂಗಿಗೆ ಹೋಗಿ ಅಂತ ಇನ್ನೊಬ್ಬರು, ಪೂರ್ತಿ ಕಾಯಿಲ್‌ಓವರ್ ಕಿಟ್ಟೇ ತರಿಸಿ ಅಂತ ಮತ್ತೊಬ್ಬರು ಹೇಳುತ್ತಿದ್ದಾರೆ. ರೇಸಿಗೆ ಅಲ್ಲ, ಮನೆಯವರನ್ನೆಲ್ಲ ಕೂರಿಸಿಕೊಂಡು ರಜಾ ದಿನ ಹೋಗಿಬರುವ ಕಾರು. ಹಾಕಿಸಿ ಓಡಿಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ರಬ್ಬರ್ ಕೋನ್‌ನಲ್ಲೇ ಓಡಿಸುತ್ತಿರುವವರು:

ಏನನ್ನೂ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆಯಿರಿ. ಸಮತಟ್ಟಾದ ನೆಲ ಇರಲಿ, ನಾಲ್ಕೂ ಟೈರಿನಲ್ಲಿ ಸರಿಯಾದ ಗಾಳಿ ಇರಲಿ, ಒಳಗೆ ಯಾರೂ ಕೂತಿರಬಾರದು. ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಷ್ಟಿದೆ ಅಂತ ನಾಲ್ಕೂ ಕಡೆ ಬರೆದುಕೊಳ್ಳಿ. ಹಿಂದಿನ ಒಂದು ಮೂಲೆ ಕುಸಿದರೂ ಕಾರು ಓರೆಯಾಗುತ್ತದೆ, ನೋಡುವವರಿಗೆ ಮುಂದಿನದೇ ಕೆಟ್ಟಿದೆ ಅನ್ನಿಸುತ್ತದೆ. ಈ ನಾಲ್ಕು ಅಳತೆ ಇಲ್ಲದೆ ಯಾರು ಏನು ಹೇಳಿದರೂ ಅದು ಊಹೆಯೇ.

ಈಗ ಕೋನ್ ವಿಷಯ. ಮಿನಿಯಲ್ಲಿ ಸ್ಪ್ರಿಂಗ್ ಕೆಲಸ ಮಾಡುವುದು ಈ ರಬ್ಬರೇ. 1959ರಲ್ಲಿ ಬಂದ ಈ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಅವರು ಜಾಗವನ್ನೆಲ್ಲ ಕೂರುವವರಿಗೆ ಉಳಿಸಿದ್ದರು. ಸಸ್ಪೆನ್ಷನ್‌ಗೆ ಉಳಿದದ್ದು ಸ್ವಲ್ಪವೇ. ಆ ಸ್ವಲ್ಪದಲ್ಲಿ ಹಿಡಿಸುವಂತೆ ಅಲೆಕ್ಸ್ ಮೌಲ್ಟನ್ ರಬ್ಬರ್ ಕೋನ್ ಮಾಡಿಕೊಟ್ಟರು. ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವುದು ಅದರ ಗುಣ. ಖಾಲಿ ಮಿನಿಯ ತೂಕ 600 ಕೆಜಿ ಆಸುಪಾಸು. ನಾಲ್ಕು ಜನ ದೊಡ್ಡವರು ಕೂತರೆ ಹೆಚ್ಚುಕಡಿಮೆ ಅದರ ಅರ್ಧದಷ್ಟು ಭಾರ ಒಮ್ಮೆಲೇ ಸೇರುತ್ತದೆ. ದೊಡ್ಡ ಕಾರಿಗೆ ನಾಲ್ಕು ಜನ ಲೆಕ್ಕಕ್ಕೇ ಬರುವುದಿಲ್ಲ, ಇಲ್ಲಿ ಹಾಗಲ್ಲ. ಒಬ್ಬರೇ ಹೋಗುವಾಗ ತಕ್ಕಮಟ್ಟಿಗೆ ಮೆತ್ತಗಿದ್ದು, ಕಾರು ತುಂಬಿದಾಗ ತಾನಾಗಿ ಗಟ್ಟಿಯಾಗುವ ಸ್ಪ್ರಿಂಗ್ ಇಷ್ಟು ಹಗುರ ಕಾರಿಗೆ ಬೇಕೇ ಬೇಕು. ನೀವು ಮನೆಯವರೆಲ್ಲ ಹೋಗುವ ಕಾರು ಅಂದಿರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಯಸ್ಸಾದ ಕೋನ್ ಕುಗ್ಗುತ್ತದೆ, ರಬ್ಬರೂ ಬಿರುಸಾಗುತ್ತದೆ. ಕಾರು ಕೆಳಗಿಳಿದಾಗ ಚಕ್ರ ಮೇಲೇಳಲು ಜಾಗ ಉಳಿಯುವುದಿಲ್ಲ, ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಅಂದರೆ ಬಂಪ್ ಸ್ಟಾಪ್‌ಗೆ ಹೋಗಿ ಬಡಿಯುತ್ತದೆ. ನಿಮಗೆ ಬರುತ್ತಿರುವ ಪೆಟ್ಟು ಬಹುಶಃ ಅದೇ. ಮಿನಿ ಅಂದ್ರೆ ಹೀಗೇ ಬಿಡಿ ಅಂತ ತುಂಬಾ ಜನ ಒಪ್ಪಿಕೊಂಡು ಓಡಿಸುತ್ತಾರೆ. ನನಗೆ ಅದು ಬೇಜಾರು. ಕೋನ್ ಹೊಸದಿರುವ ಮಿನಿಯನ್ನು ಒಮ್ಮೆ ಓಡಿಸಿ ನೋಡಿದವರು ಹಾಗೆ ಹೇಳುವುದಿಲ್ಲ.

ಕೋನ್ ಬದಲಿಸುವಾಗ ಎರಡೂ ಕಡೆ ಒಟ್ಟಿಗೆ ಬದಲಿಸಿ. ಎಡಗಡೆ ಮಾತ್ರ ಹಾಕಿದರೆ ಕಾರು ಬಲಕ್ಕೆ ವಾಲುತ್ತದೆ. ಕೋನ್ ಕೆಳಗೆ ಕಹಳೆ ಆಕಾರದ ಅಲ್ಯುಮಿನಿಯಂ ಭಾಗ ಇರುತ್ತದೆ, ಅದನ್ನು ಟ್ರಂಪೆಟ್ ಅಂತಲೇ ಕರೆಯುತ್ತಾರೆ. ಅದರ ತುದಿಯ ನಕಲ್ ಜಾಯಿಂಟ್ ಅಂದರೆ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರುವ ಒಂದು ಗುಂಡು. ಅದನ್ನೂ ಹೊಸದು ಹಾಕಿಸಿ, ಗ್ರೀಸ್ ತುಂಬಿಸಿ, ಧೂಳು ತಡೆಯುವ ರಬ್ಬರ್ ಟೋಪಿ ಸರಿಯಾಗಿ ಕೂತಿದೆಯಾ ನೋಡಿ. ಸಣ್ಣ ಸಾಮಾನು ಅಂತ ಬಿಟ್ಟರೆ ಹೊಸ ಕೋನ್ ಹಾಕಿದ ಮೇಲೂ ಕಿರ್ ಕಿರ್ ನಿಲ್ಲುವುದಿಲ್ಲ.

ಕಾಯಿಲ್ ಸ್ಪ್ರಿಂಗ್ ಹಾಕಿಸಿದವರು:

ನನ್ನದು ಬೇರೆ ಅನುಭವ, ಅದೂ ಇಲ್ಲಿರಲಿ. ಕೋನ್ ಇದ್ದ ಜಾಗದಲ್ಲೇ ಕೂರುವ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡೆ. ಸಣ್ಣಪುಟ್ಟ ಉಬ್ಬುತಗ್ಗು ಗೊತ್ತೇ ಆಗುವುದಿಲ್ಲ. ರಸ್ತೆಯ ಒರಟುತನ ಕೈಗೆ ಬರುವುದು ನಿಜವಾಗಿಯೂ ಕಡಿಮೆಯಾಯಿತು. ರಬ್ಬರಿನ ಹಾಗೆ ವರ್ಷ ಕಳೆದಂತೆ ಕುಗ್ಗುವ ಚಿಂತೆಯೂ ಇಲ್ಲ. ನಾನು ಹೆಚ್ಚಾಗಿ ಒಬ್ಬನೇ ಓಡಿಸುತ್ತೇನೆ, ಹಾಗಾಗಿ ನನಗೆ ಇದು ಹೊಂದಿತು.

ಆದರೆ ಸ್ಪ್ರಿಂಗ್ ಒಂದನ್ನೇ ತಂದು ಹಾಕಿದರೆ ಸಾಲದು. ರಬ್ಬರ್ ತನ್ನೊಳಗೇ ಸ್ವಲ್ಪ ಕುಲುಕಾಟವನ್ನು ನುಂಗುತ್ತದೆ, ಉಕ್ಕು ನುಂಗುವುದಿಲ್ಲ. ಹಾಗಾಗಿ ಕುಣಿತ ನಿಲ್ಲಿಸುವ ಹೊಣೆ ಪೂರ್ತಿ ಶಾಕ್ ಅಬ್ಸಾರ್ಬರ್ ಮೇಲೆ ಬೀಳುತ್ತದೆ. ಹಳೇ ಶಾಕ್ ಇಟ್ಟುಕೊಂಡು ಕಾಯಿಲ್ ಹಾಕಿದ ಮಿನಿಯಲ್ಲಿ ಕೂತಿದ್ದೇನೆ, ಪ್ರತಿ ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇತ್ತು. ಕಾಯಿಲ್‌ಗೆ ಹೊಂದುವ ಶಾಕ್ ಮತ್ತು ಬಂಪ್ ಸ್ಟಾಪ್ ಒಟ್ಟಿಗೇ ತರಿಸಿ.

ನಾಲ್ಕು ಜನ ಕೂತಾಗ ಕಾರು ರಬ್ಬರಿಗಿಂತ ಜಾಸ್ತಿ ತಗ್ಗುತ್ತದೆ, ಅದು ಖಂಡಿತ. ಇನ್ನು, ಮುಂದೆ ಮಾತ್ರ ಕಾಯಿಲ್ ಹಾಕಿ ಹಿಂದೆ ಹಳೇ ರಬ್ಬರ್ ಬಿಡಬೇಡಿ. ಮುಂದಿನದು ಒಂದು ರೀತಿ, ಹಿಂದಿನದು ಇನ್ನೊಂದು ರೀತಿ ಏಳುತ್ತದೆ, ಕಾರು ತೂಗಾಡಿದ ಹಾಗೆ ಆಗುತ್ತದೆ. ಹಾಕಿಸುವುದಾದರೆ ನಾಲ್ಕೂ ಕಡೆ. ನೀವು ಮುಂದಿನದನ್ನಷ್ಟೇ ಬದಲಿಸುವುದಾದರೆ ನಾನೂ ರಬ್ಬರ್ ಅಂತಲೇ ಹೇಳುತ್ತೇನೆ.

ಗ್ಯಾರೇಜಿನಲ್ಲಿ ಹಳೇ ಕಾರುಗಳ ಕೆಲಸ ಮಾಡುವವರು:

ಕಾಯಿಲ್ ಸ್ಪ್ರಿಂಗ್ ಬೇರೆ, ಕಾಯಿಲ್‌ಓವರ್ ಬೇರೆ. ಕೇಳಿದವರಿಗೆ ಇದು ಗೊತ್ತಿರಬೇಕು. ಕೋನ್ ಜಾಗದಲ್ಲಿ ಕೂರುವ ಕಾಯಿಲ್ ಭಾರವನ್ನು ಸಬ್‌ಫ್ರೇಮ್ (ಸಸ್ಪೆನ್ಷನ್ ಹೊತ್ತಿರುವ ಉಕ್ಕಿನ ಚೌಕಟ್ಟು) ಮೇಲೇ ಹಾಕುತ್ತದೆ, ಮೊದಲಿನ ಹಾಗೇ. ಕಾಯಿಲ್‌ಓವರ್‌ನಲ್ಲಿ ಸ್ಪ್ರಿಂಗ್ ಶಾಕ್ ಸುತ್ತ ಇರುತ್ತದೆ. ಆಗ ಕಾರಿನ ಭಾರವೆಲ್ಲ ಶಾಕ್‌ನ ಮೇಲಿನ ಬ್ರಾಕೆಟ್ಟಿಗೆ, ಅಲ್ಲಿಂದ ಒಳಗಿನ ಮಡ್‌ಗಾರ್ಡ್ ತಗಡಿಗೆ ಹೋಗುತ್ತದೆ. ಆ ಬ್ರಾಕೆಟ್ ಮಾಡಿದ್ದು ಶಾಕ್ ಹಿಡಿದುಕೊಳ್ಳಲು, ಕಾರು ಹೊರಲು ಅಲ್ಲ. ಇಷ್ಟು ಹಳೇ ಕಾರಿನಲ್ಲಿ ಆ ತಗಡಿಗೆ ತುಕ್ಕು ಹಿಡಿದಿರುವುದೂ ಇರುತ್ತದೆ. ಅಲ್ಲಿ ಗಟ್ಟಿ ಮಾಡಿಸದೆ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ. ಮನೆಯವರು ಕೂರುವ ಕಾರಿಗಂತೂ ಬೇಡವೇ ಬೇಡ.

ಇನ್ನು ಬ್ರೇಕ್ ಹಾಕಿದಾಗ ಬರುವ ಕಟಕ್. ಅದಕ್ಕೂ ಕೋನ್‌ಗೂ ಸಂಬಂಧ ಇಲ್ಲದಿರಬಹುದು. ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನಿಂದ ಮುಂದಕ್ಕೆ ಸಬ್‌ಫ್ರೇಮಿಗೆ ಹೋಗುವ ಟೈ ರಾಡ್ ಇದೆಯಲ್ಲ, ಅದರ ತುದಿಯ ರಬ್ಬರ್ ಬುಷ್ ಸವೆದರೆ ಬ್ರೇಕ್ ಹಾಕಿದಾಗೆಲ್ಲ ಚಕ್ರ ಹಿಂದೆ ಸರಿಯುತ್ತದೆ. ಅಲ್ಲಿಂದಲೇ ಶಬ್ದ. ಕಾರು ಒಂದು ಕಡೆಗೆ ಎಳೆಯುವುದಕ್ಕೂ ಇದು ಕಾರಣ. ಬುಷ್ ಬೆಲೆ ಉಳಿದದ್ದರ ಮುಂದೆ ಏನೇನೂ ಅಲ್ಲ, ಕೋನ್ ಜೊತೆಗೇ ಬದಲಿಸಿ. ಪಾಲಿಯುರೆಥೇನ್ ಬುಷ್ ಬೇಕಾ ಅಂತ ಕೇಳುತ್ತಾರೆ. ಸ್ಟೀರಿಂಗ್ ಚುರುಕಾಗುತ್ತದೆ, ಅದುರುವುದೂ ಜಾಸ್ತಿಯಾಗುತ್ತದೆ. ನಿಮ್ಮ ಬಳಕೆಗೆ ಮಾಮೂಲಿ ರಬ್ಬರೇ ಸರಿ.

ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲ ಅನ್ನಿಸಿದರೆ ಒಳಗೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಸಡಿಲ ಹೋದರೆ ವೀಲ್ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಮಿನಿಯ ಬಾಲ್ ಜಾಯಿಂಟ್‌ಗೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಅಳತೆಗೆ ಕೂರಿಸಬೇಕು. ಬಿಗಿಯಾದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಸಡಿಲವಾದರೆ ಬೇಗ ಸವೆಯುತ್ತದೆ. ಮೇಲಿನ ಆರ್ಮ್ ಒಳಗೆ ಸೂಜಿಯಂಥ ರೋಲರ್ ಬೇರಿಂಗ್ ಇರುತ್ತದೆ. ಗ್ರೀಸ್ ಕಾಣದೆ ಒಣಗಿದ್ದರೆ ಶಾಫ್ಟ್ ಮೇಲೆ ಗೆರೆ ಬಿದ್ದಿರುತ್ತದೆ. ಕೋನ್ ತೆಗೆದಾಗಲೇ ಅದನ್ನೂ ಬಿಚ್ಚಿ ನೋಡಿಸಿ, ಇನ್ನೊಮ್ಮೆ ಬಿಚ್ಚುವ ಕೆಲಸ ತಪ್ಪುತ್ತದೆ.

ಮನೆಯಲ್ಲೇ ಮಾಡುವ ಯೋಚನೆ ಇದ್ದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೋನ್ ಒತ್ತಡದಲ್ಲಿ ಕೂತಿರುತ್ತದೆ. ಅದನ್ನು ಹಿಡಿದೆಳೆಯುವ ಕಂಪ್ರೆಸರ್ ಟೂಲ್ ಇಲ್ಲದೆ ಕೈ ಹಾಕಬೇಡಿ. ಹಳೇ ಕೋನ್‌ಗಳ ಒಳಗಿನ ಥ್ರೆಡ್ ಇಂಚಿನ ಲೆಕ್ಕದ್ದು, ಆಮೇಲೆ ಬಂದವು ಮೆಟ್ರಿಕ್. ಎರಡಕ್ಕೂ ಹೊಂದುವ ಟೂಲ್ ಸಿಗುತ್ತದೆ. ಥ್ರೆಡ್ ಪೂರ್ತಿ ಹತ್ತಿದೆಯಾ ನೋಡದೆ ಎಳೆಯಬಾರದು. ಕಾರು ನಿಲ್ಲಬೇಕಾದದ್ದು ಸ್ಟ್ಯಾಂಡ್ ಮೇಲೆ, ಬರೀ ಜ್ಯಾಕ್ ಮೇಲಲ್ಲ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಳೆದೆ. ಹಿಂದೆ ಎರಡೂ ಕಡೆ ಸಮ ಇದೆ, ಮುಂದೆ ಎರಡೂ ಇಳಿದಿವೆ, ಎಡ ಇನ್ನೂ ಕೆಳಗಿದೆ. ಟೈ ರಾಡ್ ಬುಷ್ ಬಿರುಕು ಬಿಟ್ಟಿರುವುದು ಹೊರಗಿನಿಂದಲೇ ಕಾಣುತ್ತದೆ. ರಬ್ಬರ್ ಕೋನ್ ಅಂತ ತೀರ್ಮಾನಿಸಿದೆ. ಎತ್ತರ ಹೊಂದಿಸಬಹುದಾದ ಟ್ರಂಪೆಟ್ ಸಿಗುತ್ತದಂತೆ, ಅದನ್ನೂ ಹಾಕಿಸಲಾ? ಹಳೇ ಕೋನ್ ಇಟ್ಟುಕೊಂಡು ಅದರಿಂದಲೇ ಎತ್ತರ ಏರಿಸಿದರೆ ಆಗುವುದಿಲ್ಲವಾ?

ರಬ್ಬರ್ ಕೋನ್‌ನಲ್ಲೇ ಓಡಿಸುತ್ತಿರುವವರು:

ಹಾಕಿಸಬಹುದು, ಒಳ್ಳೇದೇ. ಎಡ ಬಲ ಸಮ ಮಾಡಲು ಅನುಕೂಲ. ಆದರೆ ಅದು ಎತ್ತರ ಬದಲಿಸುತ್ತದೆ ಅಷ್ಟೇ, ರಬ್ಬರನ್ನು ಮೆತ್ತಗೆ ಮಾಡುವುದಿಲ್ಲ. ಸತ್ತ ಕೋನ್ ಮೇಲೆ ಎತ್ತರ ಏರಿಸಿದರೆ ಬಂಪ್ ಸ್ಟಾಪ್‌ಗೆ ಬಡಿಯುವುದು ಕಡಿಮೆಯಾದೀತು, ಬಿರುಸು ಹಾಗೇ ಉಳಿಯುತ್ತದೆ. ಹೊಂದಿಸುವಾಗ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಮುಂದೆ ಟ್ರಂಪೆಟ್ ಉದ್ದ 1 ಮಿಮೀ ಬದಲಾದರೆ ಕಾರಿನ ಎತ್ತರ ಸುಮಾರು 3 ಮಿಮೀ ಬದಲಾಗುತ್ತದೆ. ನೋಡಲು ಚೆನ್ನ ಅಂತ ತೀರಾ ಇಳಿಸುವವರಿದ್ದಾರೆ, ಅದು ಬೇಡ. ಆಮೇಲೆ ಗಿಡ್ಡ ಶಾಕ್ ಹುಡುಕಬೇಕಾಗುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಹೈಡ್ರೊಲಾಸ್ಟಿಕ್ ಮಿನಿ ಇಟ್ಟುಕೊಂಡವರು:

ಇದನ್ನು ಓದುವ ಬೇರೆಯವರಿಗಾಗಿ. 1964ರಿಂದ ಕೆಲವು ವರ್ಷ ಮಿನಿಗಳಲ್ಲಿ ರಬ್ಬರ್ ಕೋನ್ ಬದಲು ದ್ರವ ತುಂಬಿದ ಹೈಡ್ರೊಲಾಸ್ಟಿಕ್ ಇತ್ತು. ಅದರಲ್ಲಿ ಒಂದೇ ಬದಿಯ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಪೈಪ್ ಸಂಪರ್ಕ ಇರುತ್ತದೆ. ಹಾಗಾಗಿ ಮುಂದಿನದನ್ನು ಮಾತ್ರ ಕೋನ್‌ಗೆ ಬದಲಿಸಲು ಆಗುವುದಿಲ್ಲ. ಎಡಗಡೆ ಪೂರ್ತಿ ಕುಸಿದಿದ್ದರೆ ಮೊದಲು ದ್ರವ ಸೋರುತ್ತಿದೆಯಾ ನೋಡಿಸಿ. ಎಷ್ಟೋ ಸಲ ಸೋರಿಕೆ ನಿಲ್ಲಿಸಿ ಮತ್ತೆ ಒತ್ತಡ ತುಂಬಿಸಿದರೆ ಸಾಕು.

ಗ್ಯಾರೇಜಿನಲ್ಲಿ ಹಳೇ ಕಾರುಗಳ ಕೆಲಸ ಮಾಡುವವರು:

ಕೋನ್ ಹಾಕಿದ ದಿನ ಕಾರು ಮುಂದೆ ಎತ್ತಿಕೊಂಡು ನಿಲ್ಲುತ್ತದೆ. ಗಾಬರಿ ಆಗಬೇಡಿ, ಅವತ್ತೇ ಟ್ರಂಪೆಟ್ ತಿರುಗಿಸಿ ಇಳಿಸಲೂ ಹೋಗಬೇಡಿ. ಹೊಸ ರಬ್ಬರ್ ಓಡಾಡಿದ ಹಾಗೆ ಕೂರುತ್ತದೆ. ಕೆಲವು ವಾರ ಓಡಿಸಿ, ಒಂದೆರಡು ಸಲ ಮನೆಯವರನ್ನೂ ಕೂರಿಸಿಕೊಂಡು ಹೋಗಿ. ಕಾರನ್ನು ಜ್ಯಾಕ್‌ನಿಂದ ಇಳಿಸಿದಾಗೆಲ್ಲ ನಕಲ್ ಜಾಯಿಂಟ್ ತನ್ನ ಬಟ್ಟಲಿನಲ್ಲೇ ಕೂತಿದೆಯಾ ನೋಡಿ. ಚಕ್ರ ಜೋತುಬಿದ್ದಾಗ ಅದು ಜಾರಿ ಹೊರಬರುವುದುಂಟು. ಎತ್ತರ ಒಂದು ಕಡೆ ನಿಂತ ಮೇಲೆ ಮತ್ತೆ ಅಳೆದು, ಎಡ ಬಲ ಹೊಂದಿಸಿ, ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಅಲ್ಲಿ ಮಾಡುವವರಿಗೆ ಮೊದಲೇ ಹೇಳಿಬಿಡಿ: ಮಿನಿಯ ಮುಂದಿನ ಚಕ್ರಗಳು ಸುಮಾರು 1.6 ಮಿಮೀ ಟೋ ಔಟ್ ಇರಬೇಕು, ಅಂದರೆ ಮುಂದಕ್ಕೆ ಸ್ವಲ್ಪ ಅಗಲ. ಬೇರೆ ಕಾರುಗಳ ಅಭ್ಯಾಸದಲ್ಲಿ ಟೋ ಇನ್ ಇಟ್ಟು ಕಳಿಸಿಬಿಡುತ್ತಾರೆ.