‘ವಿಕಿರಣ ಒಡ್ಡಿಕೆ’ ಸರಿಯೇ? ನಾಳೆ ಅಚ್ಚಿಗೆ ಹೋಗಬೇಕು

ಅನುವಾದಕಿ, ಉಡುಪಿ:
ವೈದ್ಯರ ಕೋಣೆಗೆ ಹಾಕುವ ಭಿತ್ತಿಪತ್ರ. ಸಿ.ಟಿ. (ಎಕ್ಸ್-ರೇಯಿಂದ ಮಾಡುವ ಸ್ಕ್ಯಾನ್) ಬರೆದುಕೊಡುವಾಗ ರೇಡಿಯೇಶನ್ ಲೆಕ್ಕ ನೆನಪಿರಲಿ ಅಂತ. ಕರಡಿನಲ್ಲಿ ‘ರೋಗಿಯ ವಿಕಿರಣಶೀಲತೆಯ ಅರಿವಿರಲಿ’ ಎಂದಿದೆ. ಅದನ್ನು ‘ವಿಕಿರಣ ಒಡ್ಡಿಕೆ’ (ರೇಡಿಯೇಶನ್ ಎಕ್ಸ್‌ಪೋಶರ್) ಮಾಡಲೇ? ‘ಡೋಸ್’ಗೆ ‘ಪ್ರಮಾಣ’ ಸಾಕೇ? ಬೆಳಿಗ್ಗೆಯೊಳಗೆ ಬೇಕು.

ವಿಕಿರಣ ಭೌತವಿಜ್ಞಾನದವರು, ಮಂಗಳೂರು:
‘ವಿಕಿರಣಶೀಲತೆ’ ಮೊದಲು ಹೊಡೆದುಹಾಕಿ. ಅದು ತಾವಾಗಿಯೇ ಕಿರಣ ಸೂಸುವ ರೇಡಿಯಂ, ಯುರೇನಿಯಂಗಳ ಗುಣ. ಎಕ್ಸ್-ರೇ ಯಂತ್ರ ಆರಿದ ಮೇಲೆ ರೋಗಿಯ ಮೈಯಲ್ಲಿ ಕಿರಣ ಉಳಿಯುವುದಿಲ್ಲ. (ಬೋನ್ ಸ್ಕ್ಯಾನ್ ಬೇರೆ, ಅಲ್ಲಿ ಚುಚ್ಚುವ ವಿಕಿರಣಶೀಲ ಟೆಕ್ನೀಶಿಯಂ 6 ತಾಸಿಗೆ ಅರ್ಧವಾಗುತ್ತದೆ.)

ಮೈಮೇಲೆ ಬಿದ್ದ ಕಿರಣ ಬೇರೆ, ಮೈ ಹೀರಿದ್ದು ಬೇರೆ. ಮೊದಲನೆಯದು ಒಡ್ಡಿಕೆ, ಎರಡನೆಯದು ಡೋಸ್. ಹೀರಿದ್ದಕ್ಕೆ ಗ್ರೇ, ಅಪಾಯದ ಅಂದಾಜಿಗೆ ಸೀವರ್ಟ್. ಸಿ.ಟಿ. ಪರದೆಯಲ್ಲಿ ಬರುವುದು ಡಿ.ಎಲ್.ಪಿ. (ಡೋಸನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ ಸಂಖ್ಯೆ). ದೊಡ್ಡವರ ಹೊಟ್ಟೆಯ ಸಿ.ಟಿ. ಆದರೆ ಅದನ್ನು 0.015ರಿಂದ ಗುಣಿಸಿ: 600 ಇದ್ದರೆ 9 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.02. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲೆಂದು ಕೊಡುವ ದ್ರವ) ಇಲ್ಲದೆ ಒಮ್ಮೆ, ಹಾಕಿ ಇನ್ನೊಮ್ಮೆ ತೆಗೆಸಿದರೆ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿ. ಚೀಟಿ ಬರೆಯುವವರು ಮರೆಯುವುದು ಇದನ್ನೇ. ಎಂ.ಆರ್.ಐ., ಅಲ್ಟ್ರಾಸೌಂಡ್‌ಗಳನ್ನು ಈ ಪಟ್ಟಿಗೆ ಸೇರಿಸಬೇಡಿ, ಅವುಗಳಲ್ಲಿ ಎಕ್ಸ್-ರೇ ಇಲ್ಲ.

ನಿವೃತ್ತ ಅಧ್ಯಾಪಕರು, ಕುಂದಾಪುರ:
ಒಡ್ಡು ಎಂದರೆ ಕಟ್ಟ, ತಡೆ. ‘ವಿಕಿರಣ ಒಡ್ಡಿಕೆ’ ಎಂದರೆ ಕಿರಣ ತಡೆಯುವ ಸೀಸದ ಏಪ್ರನ್ ಎಂದಾಯಿತು! ಮೇಲಾಗಿ ಕಿರಣವೇ ಸಂಸ್ಕೃತ. ‘ಕದಿರು’ ಇದೆಯಲ್ಲ? ‘ಕದಿರುತಾಗು’ ಅನ್ನಿ.

ಮುದ್ರಕರು, ಮಂಗಳೂರು:
ಮಾಷ್ಟ್ರೆ, ಕೈಯೊಡ್ಡುವವನು ಕಟ್ಟ ಕಟ್ಟುತ್ತಾನೆಯೇ? ನಮ್ಮ ಕಡೆ ಕದಿರು ಎಂದರೆ ಭತ್ತದ ತೆನೆ. ‘ಕದಿರುತಾಗು’ ಓದಿದ ಡಾಕ್ಟ್ರು ಗದ್ದೆಗೆ ಹೋದಾರು ಮಾರಾಯ್ರೆ.

ಅಧ್ಯಾಪಕರು:
ಗೇಲಿ ವಾದವಲ್ಲ. ಹೀಗೇ ಸಾಲ ಮಾಡುತ್ತ ಹೋದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ‘ಡೋಸ್’ ಯಾಕೆ, ‘ಅಳತೆ’ ಇಲ್ಲವೇ?

ಭೌತವಿಜ್ಞಾನದವರು:
ಔಷಧದ ಅಂಗಡಿಯಲ್ಲಿ ‘ಅಳತೆ’ ಕೇಳಿ ನೋಡಿ. ಡೋಸ್ ಇರಲಿ. ಆದರೆ ಅಳತೆಯ ಏಕಮಾನ ಬಿಡಬೇಡಿ: ‘2 ಡೋಸ್’ ಎಂದರೆ ಲಸಿಕೆಯ ಹಾಗೆ ಎರಡು ಸಲ ಅಂತ ಓದುತ್ತಾರೆ. ಗ್ರೇ, ಸೀವರ್ಟ್ ವಿಜ್ಞಾನಿಗಳ ಹೆಸರು, ಅನುವಾದಿಸಬೇಡಿ. ‘ಬೂದು’ ಅಂತ ಅಚ್ಚಾದೀತು.

ಅನುವಾದಕಿ:
ಹೀಗೆ ಕಳಿಸುತ್ತಿದ್ದೇನೆ: ‘ಸಿ.ಟಿ. ಬರೆಯುವ ಮೊದಲು — ಹಳೆಯ ಸ್ಕ್ಯಾನ್ ಇದೆಯೇ? ಅಲ್ಟ್ರಾಸೌಂಡ್ ಸಾಕೇ? ಗರ್ಭಿಣಿಯೇ? ರೋಗಿಗೆ ಎಷ್ಟು ಮಿಲಿಸೀವರ್ಟ್?’ ‘ಒಡ್ಡಿಕೆ’ ತಲೆಬರಹದಲ್ಲಿ ಮಾತ್ರ.

ಅಧ್ಯಾಪಕರು:
ನನ್ನ ವಿರೋಧ ದಾಖಲಾಗಲಿ.