ಗುರುದತ್ತರನ್ನು ಮುಗಿಸಿದ್ದು ಆ ಒಂದು ಸೋಲೇ?

ತುಂಗೆ ದಡ: ಶಿವಮೊಗ್ಗದ ನಮ್ಮ ಸಿನಿಮಾ ಗುಂಪಿನಲ್ಲಿ ಜುಲೈನಲ್ಲಿ ‘ಕಾಗಜ್ ಕೆ ಫೂಲ್’ ತೋರಿಸುವುದಿದೆ. ಬಾಗಿಲಲ್ಲಿ ಹಂಚುವ ಒಂದು ಪುಟದ ಟಿಪ್ಪಣಿಯ ಕರಡಿನಲ್ಲಿ ಹೀಗಿದೆ: “1959ರ ಈ ಸೋಲಿನ ನಂತರ ಗುರುದತ್ ಮತ್ತೆ ನಿರ್ದೇಶಿಸಲಿಲ್ಲ. ಅವರ ವೃತ್ತಿಜೀವನ ಇಲ್ಲಿಗೆ ಮುಗಿಯಿತು.” ತಕರಾರಿದ್ದರೆ ಈಗಲೇ ಹೇಳಿ, ಅಚ್ಚಾದ ಮೇಲೆ ಬೇಡ.

ಸೀತಾಳೆ ದಂಡೆ: ಮೊದಲ ವಾಕ್ಯ ಇರಲಿ, ಎರಡನೆಯದನ್ನು ಹೊಡೆದುಹಾಕಿ. ಮರುವರ್ಷವೇ ಅವರ ಸಂಸ್ಥೆಯ ‘ಚೌದವೀ ಕಾ ಚಾಂದ್’ ಭರ್ಜರಿಯಾಗಿ ಓಡಿತು. ನಾಯಕ ಗುರುದತ್, ನಿರ್ದೇಶನ ಎಂ. ಸಾದಿಕ್ ಅವರದು. 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ಇದು ಮುಗಿದವರ ಪಟ್ಟಿಯೇ?

ಹಳೇ ರೀಲು: ಮೇಡಂ, ನಟ-ನಿರ್ಮಾಪಕ ಉಳಿದರು, ನಿರ್ದೇಶಕ ಹೋದರು. 1951ರ ‘ಬಾಜಿ’ಯಿಂದ 1959ರವರೆಗೆ ಒಂಬತ್ತು ವರ್ಷದಲ್ಲಿ ಎಂಟು ಚಿತ್ರ ನಿರ್ದೇಶಿಸಿದವರು, ಆಮೇಲೆ 1964ರ ಅಕ್ಟೋಬರ್‌ನಲ್ಲಿ ತೀರಿಕೊಳ್ಳುವವರೆಗೆ ಒಂದಕ್ಕೂ ಹೆಸರು ಹಾಕಲಿಲ್ಲ. ಇದನ್ನು ಕುಸಿತ ಅನ್ನದೆ ಇನ್ನೆಂತ ಅನ್ನುವುದು ಮಾರಾಯ್ರೇ?

ಸೀತಾಳೆ ದಂಡೆ: ಆ ಎಂಟರಲ್ಲಿ ‘ಸೈಲಾಬ್’ ಕೂಡ ಇದೆ. 1956ರಲ್ಲಿ ಅದೂ ಬಿತ್ತು. ಮರುವರ್ಷ ಬಂದದ್ದು ‘ಪ್ಯಾಸಾ’. ಸೋತರೆ ಕ್ಯಾಮೆರಾ ಬಿಟ್ಟೋಡುವ ಜಾತಿಯವರಲ್ಲ. ಇನ್ನೊಂದು ವಿಷಯ: 1956ರ ‘ಸಿಐಡಿ’ಯ ನಿರ್ಮಾಪಕರು ಇವರೇ, ನಿರ್ದೇಶನ ಕೊಟ್ಟದ್ದು ರಾಜ್ ಖೋಸ್ಲಾ ಅವರಿಗೆ. ಬೇರೆಯವರ ಕೈಗೆ ಚಿತ್ರ ಕೊಡುವ ಅಭ್ಯಾಸ ಈ ಸೋಲಿಗಿಂತ ಹಳೆಯದು.

ಸಾಗರ ಆಪರೇಟರ್: ಸೋಲಿಗೆ ಕಥೆಯನ್ನಷ್ಟೇ ಬೈಯಬೇಡಿ, ಪರದೆಯನ್ನೂ ನೋಡಿ. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಅಂದರೆ ಅಗಲ ಪರದೆಯದು. ರೀಲಿನ ಮೇಲೆ ಚಿತ್ರ ಅಡ್ಡಡ್ಡಕ್ಕೆ ಅರ್ಧಕ್ಕೆ ಹಿಂಡಿರುತ್ತದೆ. ಪ್ರೊಜೆಕ್ಟರಿನ ಮಾಮೂಲಿ ಲೆನ್ಸಿನ ಮುಂದೆ ಸ್ಕೋಪ್ ಲೆನ್ಸ್ ಕೂರಿಸಿದರೆ ಮಾತ್ರ ಎರಡರಷ್ಟು ಅಗಲವಾಗಿ ಬಿಚ್ಚಿಕೊಳ್ಳುವುದು. ಲೆನ್ಸ್ ಇಲ್ಲದೆ ಓಡಿಸಿದರೆ ವಹೀದಾ ರೆಹಮಾನ್ ಕೂಡ ಅಡಿಕೆ ಮರದ ಹಾಗೆ ಕಾಣಿಸುತ್ತಾರೆ. ಲೆನ್ಸ್ ಸಾಲದು, ಫಿಲ್ಮ್ ಹಾದುಹೋಗುವ ಗೇಟಿನಲ್ಲಿ ಚಿತ್ರಕ್ಕೆ ಚೌಕಟ್ಟು ಹಾಕುವ ಪ್ಲೇಟೂ ಬೇರೆ ಬೇಕು. ಅದೂ ಆಯಿತು ಅನ್ನಿ, ಪರದೆಯ ಅಗಲ? ಹಳೆಯ ಚಿತ್ರದ ಅನುಪಾತ 1.37, ಸ್ಕೋಪಿನದು 2.35. ಇಪ್ಪತ್ತು ಅಡಿ ಅಗಲದ ಪರದೆಯಲ್ಲಿ ಹಳೆಯ ಚಿತ್ರ ಹದಿನಾಲ್ಕೂವರೆ ಅಡಿ ಎತ್ತರ ನಿಲ್ಲುತ್ತದೆ, ಸ್ಕೋಪು ಎಂಟೂವರೆ ಅಡಿ. ಗೋಡೆ ಒಡೆದು ಪರದೆ ಅಗಲಿಸದ ಟಾಕೀಸಿನಲ್ಲಿ ‘ದೊಡ್ಡ ಚಿತ್ರ’ ಒಂದು ಪಟ್ಟಿಯಾಗಿಬಿಡುತ್ತದೆ. ಗೋಡೆ ಒಡೆದರೆ ಬೆಳಕು ಸಾಲದು. ಅಷ್ಟಗಲ ತುಂಬಿಸಲು ಪ್ರೊಜೆಕ್ಟರಿನ ಆರ್ಕ್ ದೀಪಕ್ಕೆ ಹೆಚ್ಚು ಕರೆಂಟ್ ಕೊಡಬೇಕು, ಕಾರ್ಬನ್ ಕಡ್ಡಿ ಬೇಗ ಸವೆಯುತ್ತದೆ. ಟೆಂಟ್ ಟಾಕೀಸಿನವರಿಗೆ ಇದೆಲ್ಲ ಎಲ್ಲಿಂದ?

ಹಂಚಿಕೆ ಲೆಕ್ಕ: ಆಪರೇಟರ್ ಸಾಹೇಬ್ರೇ, ಲೆನ್ಸಿನ ಲೆಕ್ಕ ಸಣ್ಣ ಊರಿಗೆ ಸರಿ. ಮುಂಬೈ, ದಿಲ್ಲಿಗೆ? ಹಾಲಿವುಡ್ಡಿನ ಮೊದಲ ಸ್ಕೋಪ್ ಚಿತ್ರ ‘ದಿ ರೋಬ್’ ಬಂದದ್ದು 1953ರಲ್ಲಿ. ಇಂಗ್ಲಿಷ್ ಚಿತ್ರ ಹಾಕುವ ದೊಡ್ಡ ಥಿಯೇಟರುಗಳು 1959ರ ಹೊತ್ತಿಗೆ ಸ್ಕೋಪಿಗೆ ಹೊಸತಲ್ಲ. ಅಲ್ಲಿ ಹೌಸ್‌ಫುಲ್ ಆಗಿದ್ದರೆ ಸಣ್ಣ ಊರಿನವನೂ ಲೆನ್ಸ್ ಬಾಡಿಗೆಗೆ ತರುತ್ತಿದ್ದ. ಯಶಸ್ವಿ ನಿರ್ದೇಶಕನೊಬ್ಬ ಹೆಂಡತಿ, ಮಗಳು, ಸ್ಟುಡಿಯೋ ಎಲ್ಲವನ್ನೂ ಕಳೆದುಕೊಂಡು ಕೊನೆಗೆ ಸ್ಟುಡಿಯೋದಲ್ಲೇ ಸಾಯುವ ಕಥೆಗೆ ಎರಡನೇ ಸಲ ಟಿಕೆಟ್ ತೆಗೆಯುವವರು ಯಾರು? ಹಿಂದಿ ಚಿತ್ರದ ದುಡ್ಡು ಹುಟ್ಟುತ್ತಿದ್ದದ್ದೇ ಎರಡನೇ ಮೂರನೇ ಸಲ ಬರುವವರಿಂದ.

ಇನ್ನು ಸೋಲಿನ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ. ನಿರ್ಮಾಪಕ ಚಿತ್ರವನ್ನು ಪ್ರದೇಶವಾರು ಎಂಜಿಗೆ ಮಾರುತ್ತಾನೆ, ಅಂದರೆ ಇಷ್ಟು ಗ್ಯಾರಂಟಿ ಎಂದು ಹಂಚಿಕೆದಾರನಿಂದ ಮೊದಲೇ ವಸೂಲು. ಚಿತ್ರ ಬಿದ್ದರೆ ಹಂಚಿಕೆದಾರ ಆ ದುಡ್ಡು ವಾಪಸ್ ಕೇಳುವುದಕ್ಕಿಂತ ಮುಂದಿನ ಚಿತ್ರದಲ್ಲಿ ಬೆಲೆ ಇಳಿಸುತ್ತಾನೆ. ನಿರ್ದೇಶಕ ಬೇರೆ, ನಿರ್ಮಾಪಕ ಬೇರೆ ಆಗಿದ್ದರೆ ನಿರ್ದೇಶಕ ಇನ್ನೊಂದು ಬಾಗಿಲು ತಟ್ಟಬಹುದು. ಗುರುದತ್ ಎರಡೂ ತಾವೇ. ಆದ್ದರಿಂದ ಮುಂದಿನ ಚಿತ್ರಕ್ಕೆ ಹಂಚಿಕೆದಾರ ಹೆದರದ ಸರಕು ಬೇಕಿತ್ತು: ಲಖನೌದ ಹಿನ್ನೆಲೆ, ತ್ರಿಕೋನ ಪ್ರೇಮ, ಹಾಡು, ಜೊತೆಗೆ ಆ ಬಗೆಯ ಕಥೆ ಬಲ್ಲ ನಿರ್ದೇಶಕ. ಇದು ಎದೆ ಒಡೆದವನ ನಡೆಯಲ್ಲ, ಅಂಗಡಿ ಉಳಿಸಿಕೊಂಡವನ ನಡೆ.

ಹಳೇ ರೀಲು: ಅಂಗಡಿ ಉಳಿಯಿತು, ಕೈ ನಿಂತಿತು. ನನ್ನ ಮಾತೂ ಅಷ್ಟೇ. ಗೆದ್ದ ಮೇಲಾದರೂ ವಾಪಸ್ ಬರಬಹುದಿತ್ತಲ್ಲ? ರಾಜ್ ಕಪೂರ್ ಬಂದರು. 1970ರ ‘ಮೇರಾ ನಾಮ್ ಜೋಕರ್’ ಬಿತ್ತು, 1973ರಲ್ಲಿ ‘ಬಾಬಿ’ ಎತ್ತಿತು. ನಿರ್ದೇಶನ ಅವರದೇ.

ಹಂಚಿಕೆ ಲೆಕ್ಕ: ಜೋಕರ್ ನಾಲ್ಕು ಗಂಟೆ ಮೀರಿದ ಚಿತ್ರ, ಎರಡು ಇಂಟರ್‌ವಲ್. ಉದ್ದ ಹೆಚ್ಚಾದರೆ ದಿನಕ್ಕೊಂದು ಆಟ ಕಡಿಮೆ. ತೀರ್ಥಹಳ್ಳಿ, ಹೊಸನಗರದಂಥ ಊರಲ್ಲಿ ಸಂಜೆ ಆಟ ಬಿಡುವ ಹೊತ್ತಿಗೆ ಹಳ್ಳಿ ಕಡೆಯ ಕೊನೆ ಬಸ್ಸೂ ಹೋಗಿರುತ್ತದೆ. ಬಾಬಿಯಲ್ಲಿ ದುಬಾರಿ ಸ್ಟಾರ್ ಇಲ್ಲ. ನಾಯಕ ಮಗ, ನಾಯಕಿ ಹೊಸಬಳು. ತಪ್ಪು ಎಲ್ಲಿತ್ತೋ ಅಲ್ಲೇ ತಿದ್ದಿದರು.

ಸೀತಾಳೆ ದಂಡೆ: ನಮ್ಮ ಪುಟ್ಟಣ್ಣನವರನ್ನು ಮರೆತಿರಾ? ‘ನಾಗರಹಾವು’ 1972ರದು. ಅದನ್ನೇ 1974ರಲ್ಲಿ ಹಿಂದಿಗೆ ಒಯ್ದರು, ‘ಜಹ್ರೀಲಾ ಇನ್ಸಾನ್’, ಓಡಲಿಲ್ಲ. ಆದರೆ 1975ರಲ್ಲಿ ‘ಶುಭಮಂಗಳ’, 1976ರಲ್ಲಿ ‘ಕಥಾಸಂಗಮ’. ಸೋತದ್ದು ಅಲ್ಲಿ, ಮನೆಯ ಮಾರುಕಟ್ಟೆಗೆ ಬಿಸಿ ತಟ್ಟಲಿಲ್ಲ. ಗುರುದತ್ತರಿಗೆ ಹಾಗೆ ಹಿಂದಿರುಗಲು ಎರಡನೇ ಮನೆ ಇರಲಿಲ್ಲ, ಬೆಂಗಳೂರಲ್ಲಿ ಹುಟ್ಟಿದರೂ.

ತುಂಗೆ ದಡ: ಹಾಗಾದರೆ ನಿಜವಾಗಿ ಒಂದೇ ಚಿತ್ರದಿಂದ ಬಾಗಿಲು ಮುಚ್ಚಿಸಿಕೊಂಡವರು ಯಾರೂ ಇಲ್ಲವೇ?

ಹಂಚಿಕೆ ಲೆಕ್ಕ: ಅಮೆರಿಕದ ನಿರ್ದೇಶಕ ಮೈಕೆಲ್ ಚಿಮಿನೊ. 1978ರ ‘ದಿ ಡೀರ್ ಹಂಟರ್’ಗೆ ಅತ್ಯುತ್ತಮ ಚಿತ್ರ, ನಿರ್ದೇಶನ ಸೇರಿ ಐದು ಆಸ್ಕರ್. ಮುಂದಿನದು ‘ಹೆವನ್ಸ್ ಗೇಟ್’. ಸುಮಾರು 4.4 ಕೋಟಿ ಡಾಲರ್ ಖರ್ಚು, ಅಮೆರಿಕದಲ್ಲಿ ಹುಟ್ಟಿದ್ದು 35 ಲಕ್ಷದ ಆಸುಪಾಸು. ತೆಗೆದ ಫಿಲ್ಮು ಸುಮಾರು 13 ಲಕ್ಷ ಅಡಿ. ನಿಮಿಷಕ್ಕೆ 90 ಅಡಿಯಂತೆ ಲೆಕ್ಕ ಹಾಕಿ, ಇನ್ನೂರು ಗಂಟೆ ದಾಟುತ್ತದೆ. 1980ರ ನವೆಂಬರ್‌ನಲ್ಲಿ 219 ನಿಮಿಷದ ಪ್ರತಿ ಬಂತು, ಒಂದೇ ವಾರಕ್ಕೆ ವಾಪಸ್. ಮರುವರ್ಷ 149 ನಿಮಿಷಕ್ಕೆ ಕತ್ತರಿಸಿ ಹಾಕಿದರೂ ಉಳಿಯಲಿಲ್ಲ. ದುಡ್ಡು ಹಾಕಿದ್ದ ಯುನೈಟೆಡ್ ಆರ್ಟಿಸ್ಟ್ಸ್ 1981ರಲ್ಲಿ ಎಂಜಿಎಂ ಪಾಲಾಯಿತು. ಚಿಮಿನೊ ಅವರ ಮುಂದಿನ ಚಿತ್ರ 1985ಕ್ಕೆ. ವ್ಯತ್ಯಾಸ ಇಲ್ಲಿದೆ: ಅವರದು ಬೇರೆಯವರ ದುಡ್ಡು, ಬೇರೆಯವರ ಬೀಗ. ಗುರುದತ್ತರಿಗೆ ಬೀಗದ ಕೈ ಅವರದೇ ಜೇಬಲ್ಲಿತ್ತು.

ಹಳೇ ರೀಲು: ಬೀಗದ ಕೈ ಇದ್ದೂ ತೆರೆಯದವರನ್ನು ನಾನು ಗೆದ್ದವರು ಅನ್ನಲಾರೆ.

ಸೀತಾಳೆ ದಂಡೆ: ಪೂರ್ತಿ ಮುಚ್ಚಿರಲಿಲ್ಲವಲ್ಲ. ‘ಸಾಹಿಬ್ ಬೀಬಿ’ಗೆ ನಿರ್ದೇಶಕ ಅಬ್ರಾರ್ ಆಲ್ವಿ. ಹಾಡುಗಳ ಚಿತ್ರೀಕರಣ ಗುರುದತ್ತರದು, ಉಳಿದದ್ದು ತನ್ನದು ಎಂದು ಆಲ್ವಿಯವರೇ ಹೇಳಿದ್ದಾರೆ. ಟಿಪ್ಪಣಿಗೆ ನನ್ನ ಸಾಲು: “ಈ ಚಿತ್ರದ ನಂತರ ಗುರುದತ್ ನಿರ್ದೇಶಕರಾಗಿ ಹೆಸರು ಹಾಕಲಿಲ್ಲ, ನಿರ್ಮಾಪಕ, ನಟರಾಗಿ ಮುಂದುವರಿದರು.” ಕಾರಣವನ್ನು ಪ್ರೇಕ್ಷಕರ ಜಗಳಕ್ಕೆ ಬಿಡಿ. 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾದ ಜಿಲ್ಲೆ ಇದು, ಜನಕ್ಕೆ ಅಷ್ಟು ಜಗಳ ಆಡಲು ಬರುತ್ತದೆ.

ಹಳೇ ರೀಲು: “ಹೆಸರು ಹಾಕಲಿಲ್ಲ” ಇರಲಿ. “ಮುಂದುವರಿದರು” ಎಂಬಲ್ಲಿ ನನ್ನ ಭಿನ್ನಮತ ದಾಖಲಿಸಿಕೊಳ್ಳಿ.

ತುಂಗೆ ದಡ: ದಾಖಲಾಯಿತು. ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಬಗ್ಗೆ ಒಂದು ಸಾಲು ಬೇಡವೇ?

ಸಾಗರ ಆಪರೇಟರ್: ಬೇಕೇ ಬೇಕು. ಮೈಸೂರಿನವರು, ಈ ಚಿತ್ರಕ್ಕೆ ಫಿಲ್ಮ್‌ಫೇರ್ ಪಡೆದವರು, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಇದೆಯಲ್ಲ, ಅದು ದೀಪದ್ದಲ್ಲ, ಬಿಸಿಲು. ಹೊರಗಿನ ದೊಡ್ಡ ಕನ್ನಡಿ ಬಿಸಿಲು ಹಿಡಿದು ಒಳಗಿನ ಕನ್ನಡಿಗೆ ಎಸೆಯುತ್ತದೆ, ಒಳಗಿನದು ಕೆಳಕ್ಕೆ ತಿರುಗಿಸುತ್ತದೆ. ಕೋಲು ಕಾಣಲು ಹೊಗೆ ಬಿಟ್ಟಿದ್ದಾರೆ.

ಅದು ನಮ್ಮಲ್ಲೂ ಕಾಣಬೇಕಾದರೆ ಪ್ರೊಜೆಕ್ಟರನ್ನು ‘ವಿವಿಡ್’ನಲ್ಲಿ ಇಡಬೇಡಿ, ಕಪ್ಪು ಬೂದಿಯಾಗುತ್ತದೆ, ‘ಸಿನಿಮಾ’ಕ್ಕೆ ಇಡಿ. ಟಿವಿಗೆಂದು ಎರಡು ಬದಿ ಕತ್ತರಿಸಿದ 4:3 ಪ್ರತಿ ಬೇಡವೇ ಬೇಡ, ಸ್ಕೋಪ್ ಪ್ರತಿ ತನ್ನಿ. ನಿಮ್ಮ ಪರದೆ 16ಕ್ಕೆ 9 ಅಡಿಯದಾದರೆ ಚಿತ್ರ ಆರು ಅಡಿ ಹತ್ತು ಇಂಚು ಎತ್ತರ ಬರುತ್ತದೆ. ಮೇಲೆ ಕೆಳಗೆ 13 ಇಂಚಿನ ಕಪ್ಪು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಖಾಲಿ ಪಟ್ಟಿ ಮಿಣಮಿಣ ಅನ್ನುತ್ತಿರುತ್ತದೆ. ಹಾಲಿನ ಮಾಡು ಶೀಟಿನದೋ, ಹಂಚಿನದೋ?

ತುಂಗೆ ದಡ: ಶೀಟು.

ಸಾಗರ ಆಪರೇಟರ್: ಜುಲೈ ಮಳೆಗೆ ಶೀಟಿನ ಕೆಳಗೆ ಬರ್ಮನ್ ಸಂಗೀತ ಕೇಳಿದ ಹಾಗೆಯೇ! ಹಂಚಿನ ಮಾಡಿನ ಜಾಗ ಹುಡುಕಿ, ಇಲ್ಲವಾದರೆ ನವೆಂಬರ್‌ಗೆ ಮುಂದೂಡಿ. ಕೊಯ್ಲಿನ ಕಾಲ ಅಂತ ತೋಟದವರು ಬೈಯುತ್ತಾರೆ, ಭಾನುವಾರ ರಾತ್ರಿ ಇಟ್ಟರೆ ಬಂದಾರು.